ಎಂಬತ್ತೇಳು ತಿರುಗಿ ಬಂದ ಸಂಜೆ

ಈ ವರ್ಷ ಆಕಾಶದಿಂದ ವಾಪಸು ಬರುತ್ತಿರುವುದು ಎಂಬತ್ತೇಳನೆಯ ಇಸವಿ. ಹೋದ ವರ್ಷ ಎಂಬತ್ತಾರು ಬಂದಿತ್ತು. ಹಳೆಯ ಟಿವಿ ಪ್ರಸಾರಗಳು ಹೀಗೆ ತಿರುಗಿ ಬರಲು ಶುರುವಾದ ಮೇಲೆ ಗದಗಿನ ನಮ್ಮ ಓಣಿಯ ಮಾಳಿಗೆಗಳ ಮೇಲೆಲ್ಲ ಮತ್ತೆ ಆಂಟೆನಾ ಎದ್ದಿವೆ. ಮೊಬೈಲಿನಲ್ಲಿ ಹಿಡಿದಿಡಲು ಹೋದರೆ ಬರೀ ಚುಕ್ಕಿ. ಬಂದಾಗ ನೋಡಬೇಕು, ಅಷ್ಟೇ. ಗಾಳಿ ಬೀಸಿದರೆ ಯಾರಾದರೂ ಮೇಲೆ ಹತ್ತಿ ಆಂಟೆನಾ ಹಿಡಿದು ನಿಲ್ಲಬೇಕು.

ಇವತ್ತು ಹತ್ತಿದವಳು ನಾನು. ನನ್ನ ಮಾವ ಸನಾದಿ ಊದಿದ ಕಾರ್ಯಕ್ರಮ ಬರುವುದಿತ್ತು. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಅವರು ತೀರಿಕೊಂಡಿದ್ದರು. ಎಂಬತ್ತೇಳರಲ್ಲಿ ಓಣಿಯವರೆಲ್ಲ ಕೆಳಗೆ ಕೂತು ಅವರನ್ನು ನೋಡಿದರಂತೆ. ಅತ್ತೆ ನೀಲವ್ವ ಮಾತ್ರ ಆಂಟೆನಾ ಹಿಡಿದು ಮಾಳಿಗೆಯ ಮೇಲೆ ನಿಂತಿದ್ದರು. ಗಂಡನ ಸನಾದಿ ಕೇಳಿಸಿತು, ಮುಖ ಕಾಣಲಿಲ್ಲ.

"ಬಂತೇನ್ರಿ ಅತ್ತಿ?" ಎಂದು ಕೂಗಿದೆ.

"ಇಲ್ಲವ್ವ. ಗುಡಿ ಕಡೆ ತಿರುವು. ಹಾಂ, ಬಂತು! ಅಲ್ಲೇ ಹಿಡಿ!"

ಸನಾದಿ ಶುರುವಾಯಿತು. ನನ್ನ ತೋಳು ಜೋಮು ಹಿಡಿಯಿತು.

"ಹೆಂಗದಾರ್ರಿ ಮಾವ?"

"ನಿನ್ನ ಗಂಡನಕಿಂತ ಸಣ್ಣಾವ್ರು ಕಾಣ್ತಾರ!"

ಸನಾದಿ ನಿಂತಿತು. ಓಣಿಯ ಎಲ್ಲ ಮನೆಗಳಿಂದಲೂ ಎಂಬತ್ತೇಳರ ವಾರ್ತೆ ಕೇಳಿಸತೊಡಗಿತು, ನಮ್ಮ ಮನೆಯಿಂದಲೂ. ನಾನು ಆಂಟೆನಾ ಬಿಟ್ಟು ಇಳಿಯಲು ಹೊರಟೆ.

"ಬಿಡಬ್ಯಾಡವ್ವ," ಅತ್ತೆ ಕೆಳಗಿನಿಂದ ಕೂಗಿದರು. "ಇನ್ನೂ ಕಾಣಾಕತ್ತಾರ."