ಏಳದ ಕೈ

"ಎತ್ತು ಅಪ್ಪಾ, ಕೈ ಎತ್ತು!"

ಇಳಿಜಾರಿನ ಬುಡದಲ್ಲಿ, ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳನ್ನೂ ಬಿಚ್ಚದೆ ರೇಯೊ ಕೂಗಿದ. ಮೇಲೆ, ಕೊನೆಯ ಗುರುತಿನ ಪಕ್ಕ, ಅವನ ಅಪ್ಪ ಓನ್ನಿ ಕಂಬದ ಹಾಗೆ ನಿಂತಿದ್ದ. ಅವನ ಕೈ ಜೇಬಿನಿಂದ ಹೊರಗೇ ಬರಲಿಲ್ಲ.

ಎದ್ದದ್ದು ಪಕ್ಕದ ಕೌಕೊನ ಕೈ. ಅದೂ ತಡವಾಗಿ, ಅನುಮಾನಿಸುತ್ತ, ಒಂದು ಮೀಟರ್ ಹಿಂದೆ.

ವೀಡಿಯೊ ಅಳತೆ ಇನ್ನೂ ಬಂದಿರದ ಕಾಲ. ಸ್ಕೀ ಜಿಗಿತದ ವಿಶ್ವ ಚಾಂಪಿಯನ್‌ಶಿಪ್ಪೇ ಆದರೂ ಅಳೆಯುವವರು ಊರಿನ ಕ್ಲಬ್ಬಿನ ಗಂಡಸರು. ಇಳಿಜಾರಿನುದ್ದಕ್ಕೂ ಮೀಟರಿಗೊಬ್ಬರಂತೆ ನಿಲ್ಲುತ್ತಾರೆ. ಹಾರಿದವನ ಪಾದ ಯಾರ ಎದುರು ಹಿಮ ಮುಟ್ಟಿತೋ ಅವನು ಕೈ ಎತ್ತಬೇಕು. ಎದ್ದ ಕೈಯೇ ಲೆಕ್ಕ.

ರೇಯೊ ಮೇಲೆ ಹತ್ತುವಷ್ಟರಲ್ಲಿ ಹಿಮ ತುಳಿಯುವವರು ಅವನು ಇಳಿದ ಗುರುತನ್ನು ಅಳಿಸಿ, ಮುಂದಿನವನಿಗೆ ದಾರಿ ಸಮ ಮಾಡಿಯಾಗಿತ್ತು. ತರಬೇತುದಾರ ಸುಲೊ ಕೌಕೊನ ಎದೆಗೇ ನುಗ್ಗಿದ.

"ಕಣ್ಣಿಗೇನು ಗಂಜಿ ಮೆತ್ಕೊಂಡಿದ್ಯೇನಯ್ಯಾ? ಹುಡುಗ ಇಳಿದಿದ್ದು ಓನ್ನಿ ಎದುರು!"

"ಇರಬಹುದು. ಕೆಳಗೆ ಯಾರೂ ಎತ್ತಲಿಲ್ಲ. ಅದಕ್ಕೇ ನಾನು ಎತ್ತಿದೆ. ಇಲ್ಲದಿದ್ರೆ ಹುಡುಗನಿಗೆ ಅಳತೆಯೇ ಸಿಗ್ತಿರಲಿಲ್ಲ."

ಎಲ್ಲರೂ ಓನ್ನಿಯ ಕಡೆ ತಿರುಗಿದರು. ಅವನು ತನ್ನ ಬೂಟು ನೋಡುತ್ತಿದ್ದ.

"ಕೌಕೊ ಎತ್ತಿದ್ದೇ ಇರಲಿ," ಎಂದ.

ಅರ್ಧ ಅಂಕದ ಅಂತರದಲ್ಲಿ ಕಂಚು ನಾರ್ವೆಯವನ ಪಾಲಾಯಿತು. ರೇಯೊ ನಾಲ್ಕನೆಯವನಾದ.

ಸಂಜೆಯೊಳಗೆ ಊರೆಲ್ಲ ಓನ್ನಿಯ ಗುಣಗಾನ. ಬೆಂಕಿಯಲ್ಲಿ ಸಾಸೇಜ್ ಸುಡುತ್ತಿದ್ದವರು ಅವನ ಬೆನ್ನು ತಟ್ಟಿದರು. "ಸ್ವಂತ ಮಗನಿಗೂ ಒಂದು ಗೇಣು ಬಿಟ್ಟುಕೊಡಲಿಲ್ಲ ನೋಡಿ, ಗಂಡಸು ಅಂದ್ರೆ ಅವನು!" ಮುಖ್ಯ ತೀರ್ಪುಗಾರ ಬಂದು ಕೈ ಕುಲುಕಿದ. ಓನ್ನಿ ಕಾಫಿ ಲೋಟವನ್ನು ಮುಟ್ಟದೆ ಇಟ್ಟು ಎದ್ದುಹೋದ.

ರೇಯೊನಿಗೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಂದಿನಿಂದ ಅವನು ಹಾರಿದ್ದು ಆ ಕೊನೆಯ ಗುರುತಿನ ಕಡೆಗೆ. ಅಪ್ಪ ಕ್ಲಬ್ಬಿನವರನ್ನು ಕೇಳಿಕೊಂಡು ಆ ಜಾಗ ಹಿಡಿದಿದ್ದ. ಯಾರೂ ತಲುಪದ ಕಡೆ ನಿಂತು ನನಗಾಗಿ ಕಾಯುತ್ತಾನೆ ಎಂದುಕೊಂಡಿದ್ದ ಮಗ. ಪ್ರತಿ ಸ್ಪರ್ಧೆಯ ನಂತರ ಅಪ್ಪ ಅವನನ್ನು ಕೂರಿಸಿಕೊಂಡು ಕೇಳುತ್ತಿದ್ದ: ಗಾಳಿ ಹೇಗಿತ್ತು, ಯಾವಾಗ ಮುಂದಕ್ಕೆ ಬಾಗಿದೆ, ಇಳಿಯುವಾಗ ಮೊಣಕಾಲು ಏನಂತು. ಒಂದೊಂದನ್ನೂ ಬಿಡಿಸಿ ಹೇಳಿಸಿಕೊಳ್ಳುತ್ತಿದ್ದ. ಇವತ್ತು ಕೊನೆಗೂ ಅಲ್ಲಿಗೆ ಮುಟ್ಟಿದರೆ, ಕೈ ಜೇಬಿನಲ್ಲಿ!

ಹಬೆಸ್ನಾನದ ಕೋಣೆಯಾದ ಸೌನಾದ ಬಿಸಿಯಲ್ಲಿ ಜಗಳ ತೆಗೆಯಬಾರದು ಎಂಬುದು ಆ ಮನೆಯ ಶಿಸ್ತು. ಇಬ್ಬರೂ ಬೆತ್ತಲೆ ಮೈಯಲ್ಲಿ ಮೇಲಿನ ಹಲಗೆಯ ಮೇಲೆ ಕೂತರು. ಓನ್ನಿ ಕಾದ ಕಲ್ಲಿಗೆ ನೀರೆರೆದ. ಹಬೆ ಬುಸ್ಸೆಂದು ಎದ್ದಿತು.

"ಹೇಳು ಮಗಾ, ಗಾಳಿ ಹೇಗಿತ್ತು?"

ರೇಯೊನ ಕಟ್ಟೆ ಒಡೆಯಿತು.

"ಗಾಳಿನಾ? ನಿನ್ನ ಬೂಟಿನ ಎದುರೇ ಇಳಿದೆನಲ್ಲ, ಅದು ಕಾಣಲಿಲ್ವಾ? ಜನ ಏನಂದಾರು ಅಂತ ಹೆದರಿ ನನ್ನ ಕಂಚು ಕಳೆದೆ! ನಿನ್ನ ದೊಡ್ಡಸ್ತಿಕೆ ನೀನೇ ಇಟ್ಕೋ. ಊರವರು ನಿನಗೊಂದು ಪದಕ ಮಾಡಿಸಿ ಹಾಕ್ತಾರೆ!"

"ಊರವರು ತಪ್ಪು ತಿಳ್ಕೊಂಡಿದಾರೆ."

"ಯಾವುದು ತಪ್ಪು? ನಾನು ನಿನ್ನ ಎದುರು ಇಳೀಲಿಲ್ಲ ಅಂತ ಬಾಯಿಬಿಟ್ಟು ಹೇಳು ನೋಡೋಣ!"

"ಅದನ್ನೂ ಹೇಳೋಕಾಗಲ್ಲ."

"ಯಾಕಾಗಲ್ಲ?"

ಓನ್ನಿ ನೀರಿನ ಸೌಟನ್ನು ಕೆಳಗಿಟ್ಟ.

"ಅಲ್ಲೀವರೆಗೆ ಯಾರೂ ಹಾರಿ ಬರಲ್ಲ ಅಂತಲೇ ಆ ಜಾಗ ಕೇಳಿಕೊಂಡಿದ್ದೆ ಕಣೋ. ಜನರ ಮಧ್ಯೆ ಕೂತರೆ ನನ್ನ ಹೆದರಿಕೆ ಗೊತ್ತಾಗಿಬಿಡ್ತಿತ್ತು," ಎಂದ. "ನೀನು ಹಾರೋವಾಗ ಇವತ್ತಿನವರೆಗೂ ಒಂದು ಸಲ ಕೂಡ ನಾನು ಕಣ್ಣು ಬಿಟ್ಟಿಲ್ಲ."