ಊದಿದರೂ ಸದ್ದು ಬಾರದ ಪೀಪಿ

"ಊದ್ಬೇಡ ಕಣಮ್ಮ, ಅದು ಊದೋದಲ್ಲ!"

ಮ್ಯೂಸಿಯಂ ನೋಡಲು ಬಂದಿದ್ದ ನಿವೃತ್ತ ನರ್ಸಮ್ಮ ಕೂಗಿದ ರಭಸಕ್ಕೆ ಗೈಡ್ ಹುಡುಗಿ ಮರದ ಪೀಪಿಯನ್ನು ಬಾಯಿಂದ ತೆಗೆದಳು. ಹಳೇ ಡಾಕ್ಟರೊಬ್ಬರ ಮನೆಯನ್ನೇ ಮ್ಯೂಸಿಯಂ ಮಾಡಿದ್ದರು. ಬಂದವರಿಗೆಲ್ಲ ಅವಳು ಎರಡು ವರ್ಷದಿಂದ ಅದನ್ನು ಊದಿ ತೋರಿಸುತ್ತಿದ್ದಳು. ಗಾಜಿನ ಪೆಟ್ಟಿಗೆಯ ಮೇಲೆ ಅವಳದೇ ಅಕ್ಷರದ ಚೀಟಿಯಿತ್ತು: "ಡಾಕ್ಟರು ನುಡಿಸುತ್ತಿದ್ದ ವಾದ್ಯ. ಈಗ ಸದ್ದು ಬರುವುದಿಲ್ಲ."

"ನುಡಿಸ್ತಿದ್ರಾ!" ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಹುಡುಗಿಯ ತುಂಬಿದ ಹೊಟ್ಟೆಯ ಮೇಲೆ ನಿಂತಿತು. "ಎಷ್ಟು ತಿಂಗಳು?"

"ಎಂಟು." ಹುಡುಗಿಯ ದನಿ ತಗ್ಗಿತು. "ಬೆಳಗ್ಗೆಯಿಂದ ಅಲುಗಾಡೇ ಇಲ್ಲ, ಅಮ್ಮ. ನೀವು ಹೋದ್ಮೇಲೆ ಬೀಗ ಹಾಕಿ ಆಸ್ಪತ್ರೆಗೆ ಹೊರಡೋಣ ಅಂತಿದ್ದೆ."

ನರ್ಸಮ್ಮ 'ಮುಟ್ಟಬೇಡಿ' ಎಂಬ ಫಲಕವನ್ನು ಪಕ್ಕಕ್ಕಿಟ್ಟು, ಡಾಕ್ಟರ ಮಂಚದ ಮೇಲೆಯೇ ಅವಳನ್ನು ಮಲಗಿಸಿದರು. ಪೀಪಿಯ ಅಗಲ ಬಾಯನ್ನು ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ಹುಡುಗಿ ಉಸಿರು ಬಿಗಿಹಿಡಿದಳು. ಆಮೇಲೆ ನರ್ಸಮ್ಮ ಕಣ್ಣು ಮುಚ್ಚಿ, ಅವಳ ಅಂಗೈಯನ್ನು ಹಿಡಿದು, ಅದರ ಮೇಲೆ ಒಂದೇ ಬೆರಳಿನಿಂದ ಬಡಿಯತೊಡಗಿದರು. ಟಕಟಕ, ಟಕಟಕ, ಹೊಲಿಗೆ ಮಿಷನ್ನು ಓಡಿದ ಹಾಗೆ.

"ಇದೇ ನೋಡು ನಿನ್ನ ಮಗುವಿನ ಎದೆಬಡಿತ..." ಎನ್ನುವಷ್ಟರಲ್ಲಿ ಪೀಪಿ ಎಗರಿತು.

"ಅಯ್ಯೋ ಕಳ್ಳ! ನನ್ನ ಕಿವಿಗೇ ಒದೀತಲ್ಲೇ!" ಎಂದು ನರ್ಸಮ್ಮ ಕಿವಿ ಉಜ್ಜಿಕೊಳ್ಳುತ್ತ ನಕ್ಕರು. "ಆದ್ರೂ ಈಗ್ಲೇ ಹೋಗಿ ತೋರಿಸ್ಕೊಂಡು ಬಾ."

ಹುಡುಗಿ ಕಣ್ಣೊರೆಸಿಕೊಂಡು ಎದ್ದಳು. ಬೀಗಕ್ಕಿಂತ ಮೊದಲು ಪೆನ್ನು ಹುಡುಕಿ, ಚೀಟಿಯಲ್ಲಿ 'ಈಗ ಸದ್ದು ಬರುವುದಿಲ್ಲ' ಎಂಬ ಕೊನೆಯ ಸಾಲನ್ನು ಹೊಡೆದುಹಾಕಿದಳು.