ಮೂವರ ಮನೆಯ ಸಂದರ್ಶನ

ದುಡಿಯುತ್ತಿದ್ದ ಹೋಟೆಲು ಮುಚ್ಚಿದಂದಿನಿಂದ ಕೆಲಸಕ್ಕೆ ಅಲೆಯುತ್ತಿದ್ದ ದಾಕ್ಷಾಯಿಣಿಗೆ ಈ ಮನೆಯ ಕೆಲಸ ಬೇಕೇ ಬೇಕಿತ್ತು. ಅಲ್ಲಿ ಮೂವರು ಗೆಳತಿಯರು ಒಟ್ಟಿಗಿದ್ದರು. ಇಬ್ಬರು ಗಾಲಿಕುರ್ಚಿಯಲ್ಲಿ, ಒಬ್ಬಳಿಗೆ ಕಣ್ಣು ಕಾಣದು. ಕಿಟಕಿಯ ಬಳಿ ಗಂಜಿ ಹಾಕಿದ ಸೀರೆಯ ಹೆಂಗಸೊಬ್ಬಳು ತನ್ನ ಮಾತು ಮುಗಿಸಿದವಳಂತೆ ಸುಮ್ಮನೆ ನಿಂತಿದ್ದಳು.

"ನಮ್ಮ ನೆರವಿಗೆ ಯಾರು ಬೇಕು ಅಂತ ನಾವು ಮೂವರೇ ಕೂಡಿ ತೀರ್ಮಾನ ಮಾಡೋದು," ಎಂದಳು ಗಾಲಿಕುರ್ಚಿಯಲ್ಲಿದ್ದ ಹಿರಿಯಳು. "ಇಬ್ಬರು ಒಟ್ಟಿಗೆ ಕರೆದ್ರೆ ಯಾರ ಹತ್ರ ಮೊದಲು ಹೋಗ್ತೀರಿ?"

"ನೀವು ಹೇಳ್ದೋರ ಹತ್ರ ಮೇಡಂ," ಎಂದು ದಾಕ್ಷಾಯಿಣಿ ನಿಂತಿದ್ದವಳಿಗೆ ಉತ್ತರಿಸಿದಳು.

"ನನ್ನ ಸೀರೆ ಬಣ್ಣ ನಾನೇ ಆರಿಸ್ತೀನಿ ಅಂದ್ರೆ?" ಎಂದು ಕಣ್ಣು ಕಾಣದವಳು ನಕ್ಕಳು.

"ಪಾಪ, ಇವ್ರು ಏನುಟ್ರೂ ಚೆಂದವೇ ಅಲ್ವಾ ಮೇಡಂ?" ಈ ಮಾತೂ ಕಿಟಕಿಯ ಕಡೆಗೇ ಹೋಯಿತು.

ಆಮೇಲೆ ಮೂವರೂ ತಲೆ ಕೂಡಿಸಿ ಪಿಸುಗುಟ್ಟಿದರು, ಕಿಸಕ್ಕನೆ ನಕ್ಕರು.

"ಮೂವರದೂ ಒಂದೇ ಮಾತು," ಎಂದಳು ಹಿರಿಯಳು. "ನಾಳೆಯಿಂದ್ಲೇ ಬಂದ್ಬಿಡಿ."

ದಾಕ್ಷಾಯಿಣಿ ಕಿಟಕಿಯ ಬಳಿಗೆ ಓಡಿ ಕೈ ಮುಗಿದಳು. "ನಿಮ್ಮ ಉಪಕಾರ ಮರೆಯಲ್ಲ ಮೇಡಂ!"

"ನಂಗ್ಯಾಕ್ರೀ ಕೈ ಮುಗೀತೀರಿ? ನಾನೂ ಇದೇ ಕೆಲಸ ಕೇಳೋಕೆ ಬಂದೋಳು. ಅವ್ರು ಬನ್ನಿ ಅಂದಿದ್ದು ನಂಗೆ."